ಪರದೆಯ ಕೀಲಿಮಣೆಯಲ್ಲಿ ಕನ್ನಡ ಲಿಪಿ: ಒಂದು ವಿಮರ್ಶೆ

ಗಣಕದ ಪರದೆಯ ಮೇಲೆ ಮೂಡುವ ಕೀಲಿಮಣೆಯನ್ನು ಒಂದು ಸಲಕರಣೆಯೆಂದಷ್ಟೇ ನೋಡುವುದು ರೂಢಿ. ಕೈಚಲನೆಗೆ ತೊಡಕಿರುವವರಿಗೆ ಅದು ಅನಿವಾರ್ಯ. ಯಂತ್ರದ ಕೀಲಿಗಳ ಮೇಲೆ ರೋಮನ್ ಅಕ್ಷರಗಳನ್ನೇ ಕಾಣುವ ಉಳಿದವರಿಗೆ ಅದು ಕನ್ನಡ ಎಲ್ಲೆಲ್ಲಿ ಅಡಗಿದೆಯೆಂದು ತೋರಿಸುವ ನಕ್ಷೆ. ಆದರೆ ನಕ್ಷೆಗಳು ನಿರ್ಲಿಪ್ತವಲ್ಲ. ಲಿಪಿಯ ಮೂಲಘಟಕಗಳು ಯಾವುವು, ಸಾಧಿತವಾದವು ಯಾವುವು, ಯಾವುದು ಮುಖ್ಯ, ಯಾವುದು ಅಪರೂಪ ಎಂಬ ಪ್ರಶ್ನೆಗಳಿಗೆಲ್ಲ ಕೀಲಿಮಣೆ ಉತ್ತರ ಕೊಟ್ಟಾಗಿರುತ್ತದೆ. ವಿಂಡೋಸ್ ವ್ಯವಸ್ಥೆಯಲ್ಲಿ ‘ಕನ್ನಡ’ ಎಂಬ ಹೆಸರಿನಿಂದ ದೊರೆಯುವ ಇನ್‌ಸ್ಕ್ರಿಪ್ಟ್ ವಿನ್ಯಾಸ ಕೊಡುವ ಉತ್ತರಗಳು ಕನ್ನಡದ ರಚನೆಯಿಂದ ಹುಟ್ಟಿದವಲ್ಲ ಎಂಬುದು ಈ ಲೇಖನದ ವಾದ.

ಭಾರತೀಯ ಮಾನಕ ಬ್ಯೂರೋದ 1991ರ ಐಎಸ್ 13194 ಮಾನಕದಲ್ಲಿ ಸೇರಿರುವ ಇನ್‌ಸ್ಕ್ರಿಪ್ಟ್‌ನ ತರ್ಕ ಹತ್ತು ಬೆರಳುಗಳನ್ನು ನಂಬಿ ಕಟ್ಟಿದ್ದು. ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಮಟ್ಟಿಗೆ ಬಲಗೈಗೆ. ವ್ಯಂಜನದ ಬೆನ್ನಿಗೆ ಸ್ವರ ಬರುವ ನಮ್ಮ ಅಕ್ಷರರಚನೆಯಲ್ಲಿ ಎರಡೂ ಕೈಗಳು ಸರದಿಯಂತೆ ದುಡಿಯುತ್ತವೆ. ಟೈಪಿಂಗ್ ಬಲ್ಲವರಿಗೆ ಇದು ನಿಜಕ್ಕೂ ಸುಖದ ಏರ್ಪಾಡು. ಪರದೆಯ ಮೇಲೆ ಮೌಸ್ ಹಿಡಿದು ಬರೆಯುವಾಗ ಇದೇ ಗುಣ ದೋಷವಾಗುತ್ತದೆ. ‘ಹೋಗಿದೆ’ ಎಂಬ ಪದಕ್ಕೆ ಆರು ಕೀಲಿಗಳು: ಹ ಬಲಕ್ಕೆ, ಓತ್ವ ಎಡಕ್ಕೆ, ಗ ಬಲಕ್ಕೆ, ಗುಡಿಸು ಎಡಕ್ಕೆ, ದ ಬಲಕ್ಕೆ, ಎತ್ವ ಎಡಕ್ಕೆ. ಬಾಣದ ಗುರುತು ಮಣೆಯನ್ನು ಐದು ಸಲ ಅಡ್ಡಹಾಯಬೇಕು. ಕೈಗಳ ಸರದಿ ಇಲ್ಲವಾದ ಮೇಲೆ ಉಳಿಯುವುದು ಕಣ್ಣಿಗೆ ಕಾಣುವ ಪಟ್ಟಿ ಮಾತ್ರ. ಆದ್ದರಿಂದ ಅದನ್ನು ಒಂದು ವರ್ಣಪಟವೆಂದೇ ಓದಿ ಪರೀಕ್ಷಿಸುವುದು ನ್ಯಾಯ.

ಹಾಗೆ ಓದಿದವರಿಗೆ ಮೊದಲು ಎದುರಾಗುವ ವಿಚಿತ್ರವೆಂದರೆ, ಕೀಲಿಮಣೆ ತೆರೆದಾಗ ಕಾಣುವ ಪದರದಲ್ಲಿ ‘ಅ’ ಇಲ್ಲ. ಸ್ವರಚಿಹ್ನೆಗಳು ಮೇಲೆ, ಸ್ವರಾಕ್ಷರಗಳು ಶಿಫ್ಟ್‌ನ ಮರೆಯಲ್ಲಿ. ಅದೇ ಮರೆಯಲ್ಲಿ ಮಹಾಪ್ರಾಣಗಳೂ ಇವೆ. ಇದಕ್ಕೆ ಕನ್ನಡಿಗರು ಆಕ್ಷೇಪಿಸಬೇಕಾದ್ದಿಲ್ಲ. ಆದರೆ ‘ಳ’ಕಾರವೂ ‘ಣ’ಕಾರವೂ ಅಲ್ಲೇ ಇವೆ. ಹಿಂದಿಯ ಬರಹಕ್ಕೆ ಳಕಾರ ಬೇಕಿಲ್ಲ. ಕನ್ನಡದಲ್ಲಿ ಅದು ಬಹುವಚನದ ‘ಗಳು’ ಪ್ರತ್ಯಯದ ಜೀವ. ಪ್ರತಿ ‘ಮರಗಳು’, ಪ್ರತಿ ‘ಮಾತುಗಳು’ ಶಿಫ್ಟ್ ಕೀಲಿಗೊಮ್ಮೆ ಯಾತ್ರೆ ಹೋಗಿ ಬರಬೇಕು.

ಹ್ರಸ್ವ ಎಕಾರ, ಒಕಾರಗಳ ಸ್ಥಿತಿ ಇನ್ನೂ ಶೋಚನೀಯ. ದೀರ್ಘಗಳಾದ ೇ ಮತ್ತು ೋ ಬೆರಳುಗಳು ತಂಗುವ ನಡುಸಾಲಿನಲ್ಲಿ ಕುಳಿತಿವೆ. ೆ ಕೆಳಸಾಲಿನ ಎಡತುದಿಗೆ ಹೋಗಿದೆ. ೊ ಅಂಕಿಗಳ ಸಾಲಿನ ಎಡಮೂಲೆಗೆ, ರೋಮನ್ ಮಣೆಯಲ್ಲಿ ಯಾರೂ ಮುಟ್ಟದ ಒಂದು ಚಿಹ್ನೆಯ ಜಾಗಕ್ಕೆ. ಕಾರಣ ಸ್ಪಷ್ಟ: ದೇವನಾಗರಿಯ ರೂಢಿಯ ಬಳಕೆಯಲ್ಲಿ ಈ ಹ್ರಸ್ವಗಳಿಗೆ ಸ್ಥಾನವಿಲ್ಲ, ಎಲ್ಲ ಲಿಪಿಗಳಿಗೂ ಒಂದೇ ಚೌಕಟ್ಟು ಎಂದು ಹೊರಟಾಗ ದ್ರಾವಿಡ ಸ್ವರಗಳು ಉಳಿದ ಸಂದಿಗಳಲ್ಲಿ ತುಂಬಿಕೊಂಡವು. ಚತುರ್ಥಿಯ ‘ಗೆ’, ‘ಕ್ಕೆ’. ‘ಇದೆ’, ‘ಎಂದು’, ‘ಒಂದು’, ‘ಕೊಡು’, ‘ಮಾಡದೆ’ ಇಲ್ಲದ ಕನ್ನಡ ಪುಟವನ್ನು ಊಹಿಸುವುದು ಕಷ್ಟ. ಲಿಪಿಯ ಒಳವ್ಯಾಕರಣವೂ ಈ ಮಣೆಗೆ ವಿರುದ್ಧವಾಗಿದೆ. ಕನ್ನಡದಲ್ಲಿ ಹ್ರಸ್ವವೇ ಮೂಲ. ಅದಕ್ಕೆ ದೀರ್ಘದ ಗುರುತು ಸೇರಿದರೆ ‘ಕೆ’ ‘ಕೇ’ ಆಗುತ್ತದೆ, ‘ಕೊ’ ‘ಕೋ’ ಆಗುತ್ತದೆ. ಯುನಿಕೋಡ್ ಕೂಡ ೇ ಚಿಹ್ನೆಯನ್ನು ೆ ಮತ್ತು ದೀರ್ಘಚಿಹ್ನೆಗಳಾಗಿ ಬಿಡಿಸುತ್ತದೆ. ಮಣೆ ಮಾತ್ರ ದೀರ್ಘವನ್ನು ಗಾದಿಯ ಮೇಲೆ ಕೂರಿಸಿ ಹ್ರಸ್ವವನ್ನು ಅನುಬಂಧವಾಗಿಸಿದೆ.

ಒತ್ತಕ್ಷರಗಳಲ್ಲಿಯೂ ಇದೇ ಕಥೆ. ಶಿಫ್ಟ್ ಒತ್ತಿದಾಗ ಅಂಕಿಗಳ ಸಾಲಿನಲ್ಲಿ ಜ್ಞ, ತ್ರ, ಕ್ಷ, ಶ್ರ ತಲಾ ಒಂದೊಂದು ಕೀಲಿ ಪಡೆದು ಕಾಣಿಸಿಕೊಳ್ಳುತ್ತವೆ. ‘ಇಲ್ಲ’, ‘ಅಲ್ಲ’, ‘ಎಲ್ಲ’ಗಳ ‘ಲ್ಲ’ಕ್ಕಾಗಲಿ, ‘ಮತ್ತು’ವಿನ ‘ತ್ತ’ಕ್ಕಾಗಲಿ ಆ ಭಾಗ್ಯವಿಲ್ಲ, ಪ್ರತಿಯೊಂದನ್ನೂ ಮೂರು ಸಲ ಒತ್ತಿ ಕಟ್ಟಬೇಕು. ಸಂಸ್ಕೃತದ ವಿಜಾತೀಯ ಸಂಯೋಗ ‘ಅಕ್ಷರ’ವಾಯಿತು, ಕನ್ನಡದ ದ್ವಿತ್ವ ಬರಿಯ ಜೋಡಣೆಯಾಯಿತು. ಹಳಗನ್ನಡದ ‘ಱ’ವನ್ನು ‘ರ’ದ ಬೆನ್ನಿಗೇ ಇಟ್ಟ ಔದಾರ್ಯವನ್ನೂ ಇಲ್ಲಿ ನೆನೆಯಬೇಕು, ಶಾಸನಪಾಠ ಸಿದ್ಧಪಡಿಸುವವರಿಗೆ ಅದು ಉಪಕಾರವೇ.

ಇದಕ್ಕೆ ಪರ್ಯಾಯ ನಮ್ಮಲ್ಲೇ ಇದೆ. ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿ ಸ್ವರಕ್ಕೆ ಒಂದೇ ಕೀಲಿ: ಪದದ ಮೊದಲಲ್ಲಿ ಒತ್ತಿದರೆ ಸ್ವರಾಕ್ಷರ, ವ್ಯಂಜನದ ಮುಂದೆ ಒತ್ತಿದರೆ ಸ್ವರಚಿಹ್ನೆ. ಇನ್‌ಸ್ಕ್ರಿಪ್ಟ್ ಲಿಪಿಯ ಆಕಾರಗಳನ್ನು ಎಣಿಸಿದರೆ, ಇದು ಧ್ವನಿಮಾಗಳನ್ನು ಎಣಿಸುತ್ತದೆ. ಸೈದ್ಧಾಂತಿಕವಾಗಿ ಇದೇ ಹೆಚ್ಚು ಅಚ್ಚುಕಟ್ಟು. ಆದರೆ ಪರದೆಗೆ ಬಂದಾಗ ಇದಕ್ಕೂ ಕಷ್ಟವಿದೆ. ‘ಕ’ ಎಲ್ಲಿದೆಯೆಂದು ರೋಮನ್ ‘ಕೆ’ ನೆನಪಿಸಿಕೊಡುತ್ತದೆ. ಕೀಲಿಗಳ ಮೇಲೆ ಕನ್ನಡವನ್ನೇ ಬರೆದ ಕೂಡಲೇ ಆ ಆಸರೆ ತಪ್ಪುತ್ತದೆ. ರೋಮನ್ ‘ಕ್ಯೂ’ ಜಾಗದಲ್ಲಿ ‘ಟ’, ಅದರ ಪಕ್ಕ ‘ಡ’ ಏಕಿವೆಯೆಂಬುದಕ್ಕೆ ಕಣ್ಣಿಗೆ ಕಾರಣ ಸಿಗದು.

ಇಷ್ಟೂ ಬಳಕೆದಾರರ ಅನುಕೂಲದ ಪ್ರಶ್ನೆಯೆಂದು ಭಾಷಾವಿಜ್ಞಾನಿಗಳು ಕೈತೊಳೆದುಕೊಳ್ಳುವಂತಿಲ್ಲ, ಏಕೆಂದರೆ ಹೀಗೆ ಬರೆದದ್ದೇ ನಮ್ಮ ಪಠ್ಯಸಂಚಯಗಳಿಗೆ ಸೇರುತ್ತಿದೆ. ಕಣ್ಣಿನಿಂದ ಹುಡುಕಿ ಬರೆಯುವವರು ಆಕಾರ ಹೊಂದಿದರೆ ತೃಪ್ತರು. ಅನುಸ್ವಾರಕ್ಕೂ ಕನ್ನಡದ ಸೊನ್ನೆ ಅಂಕಿಗೂ ಆಕಾರ ಒಂದೇ. ‘ಬೆಂಗಳೂರು’ ಎಂಬುದರಲ್ಲಿ ಅನುಸ್ವಾರದ ಬದಲು ಸೊನ್ನೆ ಕೂತ ಬರಹಗಳು ಅಂತರಜಾಲದಲ್ಲಿ ಆಗಾಗ ಎದುರಾಗುತ್ತವೆ. ಓದುಗರಿಗೆ ವ್ಯತ್ಯಾಸ ತಿಳಿಯದು. ಪದಗಳನ್ನು ಎಣಿಸುವ ತಂತ್ರಾಂಶಕ್ಕೆ ಅವು ಎರಡು ಬೇರೆ ಪದಗಳು. ಮೂಲೆಯಲ್ಲಿರುವ ೊ ಕಣ್ಣಿಗೆ ಬೀಳದವರು ಶಾಲೆಯಲ್ಲಿ ಕಲಿತಂತೆ ಎತ್ವಕ್ಕೆ ಊಕಾರದ ಕೊಂಬು ಸೇರಿಸಿ ‘ಕೊ’ ಬರೆಯುತ್ತಾರೆ. ಯುನಿಕೋಡ್‌ನ ಸಾಮಾನ್ಯೀಕರಣ ಈ ಎರಡನೆಯದನ್ನು ಸರಿಪಡಿಸುತ್ತದೆ, ಸೊನ್ನೆಯ ಸಮಸ್ಯೆಯನ್ನು ಮುಟ್ಟುವುದಿಲ್ಲ. ಇನ್ನು ‘ಸೂರ್ಯ’ದ ಅರ್ಕಾವತ್ತಿಗೂ ‘ರ‍್ಯಾಂಕ್’ನ ಯಕಾರದ ಒತ್ತಿಗೂ ಭೇದ ಮಾಡುವುದು ರೂಪವೇ ಇಲ್ಲದ ಒಂದು ಜೋಡಕ ಸಂಕೇತ. ರೂಪವಿಲ್ಲದ್ದನ್ನು ಕೀಲಿಯ ಮೇಲೆ ತೋರಿಸುವುದು ಹೇಗೆ? ಹೀಗಾಗಿ ಅದೇ ಆಂಗ್ಲ ಪದ ‘ರ್ಯಾಂಕ್’ ಎಂದೂ ಬರೆಯಲ್ಪಡುತ್ತದೆ. ಎರವಲು ಪದಗಳ ಕಾಗುಣಿತದ ಮೇಲೆ ಮಹಾಪ್ರಬಂಧ ಬರೆಯುತ್ತಿರುವ ವಿದ್ಯಾರ್ಥಿ ಇಂಥ ಜೋಡಿಗಳನ್ನು ಬರೆಯುವವರ ಆಯ್ಕೆಯೆಂದು, ಉಚ್ಚಾರಣೆಯ ಸುಳಿವೆಂದು ವಿವರಿಸಿದರೆ, ಅವರು ವಿವರಿಸಿದ್ದು ಕನ್ನಡವನ್ನಲ್ಲ, ಕೀಲಿಮಣೆಯನ್ನು. ದತ್ತಾಂಶದ ಮೂಲವನ್ನು ಹೇಳುವಾಗ ಅದನ್ನು ಯಾವ ವಿನ್ಯಾಸದಲ್ಲಿ ಬರೆಯಲಾಯಿತು ಎಂಬುದನ್ನೂ ತಿಳಿದಿರುವಲ್ಲೆಲ್ಲ ಹೇಳುವುದು ನಮ್ಮ ಪತ್ರಿಕೆಗಳಲ್ಲಿ ಇನ್ನೂ ವಾಡಿಕೆಯಾಗಿಲ್ಲ.

ಯಂತ್ರದ ಕೀಲಿಯ ಮೇಲೆ ಅಚ್ಚಾದ ಅಕ್ಷರ ಬದಲಾಗದು. ಪರದೆಯ ಮೇಲಿನ ಅಕ್ಷರಕ್ಕೆ ಆ ಬಂಧನವಿಲ್ಲ. ಶಿಫ್ಟ್ ಒತ್ತಿದಾಗ ಇಡೀ ಮಣೆ ವೇಷ ಬದಲಿಸುವುದನ್ನು ನೋಡುತ್ತಲೇ ಇದ್ದೇವೆ. ‘ಲ’ ಒತ್ತಿದೊಡನೆ ಸ್ವರಗಳ ಸಾಲು ಲಾ, ಲಿ, ಲೀ ಎಂದು ಅದರ ಕಾಗುಣಿತವಾಗಿ ಮಾರ್ಪಡಲು, ಆ ಸಾಲಿನ ಪಕ್ಕದಲ್ಲೇ ‘ಲ್ಲ’ ಸಿದ್ಧವಾಗಿರಲು ತಾಂತ್ರಿಕವಾದ ಅಡ್ಡಿ ಯಾವುದೂ ಇಲ್ಲ. ಕೆಲವು ಮೊಬೈಲ್ ಕೀಲಿಮಣೆಗಳು ಕಾಗುಣಿತದ ಮಟ್ಟಿಗೆ ಇದನ್ನು ಮಾಡಿ ತೋರಿಸಿವೆ.