ಬೆರಳ ತುದಿಗೆ ತೊಡಿಸುವ ಟೋಪಿ ಮತ್ತು ಚೌಕಿಯ ಬರಿಬೆರಳು

ಮುಖಕ್ಕೆ ಕ್ರೀಮು, ಫೌಂಡೇಶನ್, ಪೌಡರ್ ಹಚ್ಚಲು ಬೆರಳಿನ ತುದಿಗೆ ತೊಟ್ಟುಕೊಳ್ಳುವ ಸಲಕರಣೆಗಳು ಈಗ ಹಲವು ಬಗೆಯಲ್ಲಿ ಸಿಗುತ್ತವೆ. ಸಿಲಿಕಾನಿನ ಟೋಪಿಯಂಥದ್ದು ಒಂದು, ಬೆರಳು ತೂರಿಸಲು ಚೀಲ ಹೊಲಿದ ಸ್ಪಂಜು ಇನ್ನೊಂದು, ಬೆನ್ನಿಗೆ ರಿಬ್ಬನ್ನಿನ ಪಟ್ಟಿ ಇರುವ ಪುಟ್ಟ ತ್ರಿಕೋನದ ಪಫ್ ಮತ್ತೊಂದು. ಕೈ ಕೊಳೆಯಾಗದು, ಬಣ್ಣ ಪೋಲಾಗದು, ಬ್ರಶ್ಶು ಹಿಡಿದು ಅಭ್ಯಾಸವಿಲ್ಲದವರಿಗೂ ಸಲೀಸು ಎಂದು ಮಾರುವವರು ಹೇಳುತ್ತಾರೆ. ಈ ಮಾತುಗಳನ್ನು ಒರೆಗೆ ಹಚ್ಚಲು ಕಡಬ, ಪುತ್ತೂರು, ಸುಳ್ಯದ ಸೀಮೆಗಿಂತ ತಕ್ಕ ಜಾಗ ಬೇರೆ ಇರಲಾರದು. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟರೆ ತಿರುಗಾಟ ಮುಗಿಯುವ ಪತ್ತನಾಜೆಯವರೆಗೂ ಇಲ್ಲಿನ ಗದ್ದೆ, ಮೈದಾನ, ದೇವಸ್ಥಾನದ ಅಂಗಳಗಳಲ್ಲಿ ಕಲಾವಿದರು ಚೌಕಿ ಎಂಬ ಬಣ್ಣದ ಮನೆಯಲ್ಲಿ ಸಾಲಾಗಿ ಕುಳಿತು ತಮ್ಮ ಮುಖಕ್ಕೆ ತಾವೇ ಬಣ್ಣ ಹಾಕಿಕೊಳ್ಳುತ್ತಾರೆ. ಮುಖದ ಮೇಲೆ ಬೆರಳು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ತಲೆಮಾರುಗಳಿಂದ ಪರೀಕ್ಷಿಸುತ್ತ ಬಂದವರು ಅವರು.

ಯಕ್ಷಗಾನದ ವೇಷಗಾರಿಕೆಯನ್ನು ಗಂಭೀರ ಅಧ್ಯಯನದ ವಸ್ತುವೆಂದು ಕಂಡವರಲ್ಲಿ ಶಿವರಾಮ ಕಾರಂತರು ಮೊದಲ ಸಾಲಿನವರು. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರ 'ಯಕ್ಷಗಾನ ಬಯಲಾಟ' ಅವರು ಪುತ್ತೂರಿನಲ್ಲಿ ನೆಲೆಸಿದ್ದ ಕಾಲದ ಕೃತಿ. ಆ ಬಳಿಕ ವೇಷದ ಕುರಿತು ಬರೆದವರು ಬಹಳ ಮಂದಿ. ಕಿರೀಟ, ಆಭರಣ, ಬಣ್ಣದ ಹೊಂದಾಣಿಕೆಯ ಬಗ್ಗೆ ಚರ್ಚೆಗಳು ಧಾರಾಳವಾಗಿ ನಡೆದಿವೆ. ಬಣ್ಣ ಮುಖಕ್ಕೆ ಹತ್ತುವ ಕ್ರಿಯೆಯ ಕಡೆಗೆ ಮಾತ್ರ ಅಷ್ಟು ಗಮನ ಹೋಗಿಲ್ಲ. ಆಟ ನೋಡಲು ಹೋದವರು ಚೌಕಿಗೂ ಇಣುಕುತ್ತಾರೆ, ಫೋಟೋ ತೆಗೆಯುತ್ತಾರೆ, ಕಲಾವಿದನ ಕೈ ಏನು ಮಾಡುತ್ತಿದೆ ಎಂದು ನಿಂತು ನೋಡುವವರು ಕಡಿಮೆ.

ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಬಣ್ಣದ ವೇಷವನ್ನೇ, ಅಂದರೆ ರಾಕ್ಷಸ ಪಾತ್ರಗಳನ್ನೇ ನೋಡೋಣ. ರಾವಣ, ಕುಂಭಕರ್ಣ, ಮಹಿಷಾಸುರ, ಹೆಣ್ಣು ಬಣ್ಣಕ್ಕೆ ಬಂದರೆ ಶೂರ್ಪನಖಿ, ಅಜಮುಖಿ. ಈ ವೇಷಧಾರಿ ಚೌಕಿಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಕನ್ನಡಿಯ ಮುಂದೆ ಕೂರುವವನು. ಇಡೀ ರಾತ್ರಿಯ ಆಟದಲ್ಲಿ ಅವನ ಪ್ರವೇಶ ನಡುರಾತ್ರಿ ದಾಟಿದ ಮೇಲೆ. ಮುಖದ ಮೇಲೆ ಹಿಟ್ಟಿನ ಮುಳ್ಳುಗಳ ಚುಟ್ಟಿ ಇಡಲು ಮೂರು ನಾಲ್ಕು ಗಂಟೆ ಬೇಕಾದರೂ ಸಮಯಕ್ಕೆ ಕೊರತೆ ಇರಲಿಲ್ಲ. ಮೊದಲು ತೆಂಗಿನೆಣ್ಣೆಯಲ್ಲಿ ಕಲಸಿದ ಬಣ್ಣವನ್ನು ಅಂಗೈಯಲ್ಲಿ ತಿಕ್ಕಿ, ಬೆರಳುಗಳಿಂದ ಮುಖದ ತುಂಬ ಹರಡುತ್ತಾನೆ. ಹಣೆಗೆ ಮೂರು ಬೆರಳು ಒಟ್ಟಾಗಿ, ಮೂಗಿನ ಪಕ್ಕಕ್ಕೆ ತೋರುಬೆರಳು, ಕಣ್ಣಿನ ರೆಪ್ಪೆಗೆ ಉಂಗುರಬೆರಳು. ಹೀಗೆ ಮಾಡಬೇಕೆಂದು ಯಾರೂ ಪಾಠ ಹೇಳಿಲ್ಲ. ಉಂಗುರಬೆರಳಿಗೆ ಒತ್ತುವ ಬಲ ಕಡಿಮೆ ಎಂಬುದು ಕೈಗೆ ಗೊತ್ತು. ಈ ತಳದ ಬಣ್ಣ ಒಂದೇ ಸಮನಾಗಿ ಕೂತ ಮೇಲೆ ಬೆರಳು ಹಿಂದೆ ಸರಿಯುತ್ತದೆ, ಕಡ್ಡಿ ಬರುತ್ತದೆ.

ನುಣ್ಣಗೆ ಅರೆದ ಬೆಳ್ತಿಗೆ ಅಕ್ಕಿಯ ಹಿಟ್ಟಿಗೆ ಸುಣ್ಣ ಬೆರೆಸಿ ಚುಟ್ಟಿಯ ಹಿಟ್ಟು ಮಾಡಿಕೊಂಡಿರುತ್ತಾರೆ. ತೆಳ್ಳಗಿನ ಕಡ್ಡಿಯ ತುದಿಯನ್ನು ಅದರಲ್ಲಿ ಅದ್ದಿ, ಕೆನ್ನೆಯ ಗೆರೆಯ ಮೇಲೆ ಮುಟ್ಟಿಸಿ, ಮೆಲ್ಲನೆ ಹಿಂದಕ್ಕೆ ಎಳೆದರೆ ಹಿಟ್ಟು ಚೂಪಾಗಿ ನಿಲ್ಲುತ್ತದೆ. ಒಂದು ಮುಳ್ಳು ಆಯಿತು. ಅದರ ಪಕ್ಕಕ್ಕೆ ಇನ್ನೊಂದು. ಸಾಲು ಮುಗಿಯುವಷ್ಟರಲ್ಲಿ ಮೊದಲಿನದು ಒಣಗಿರುತ್ತದೆ, ಅದರ ಮೇಲೆ ಮತ್ತೊಂದು ಹನಿ ಇಟ್ಟು ಎಳೆದರೆ ಮುಳ್ಳು ಬೆಳೆಯುತ್ತದೆ. ಹಿಟ್ಟು ನೀರಾದರೆ ಮುಳ್ಳು ಮಲಗುತ್ತದೆ, ದಪ್ಪವಾದರೆ ಕಡ್ಡಿಗೆ ಅಂಟಿ ಕಿತ್ತು ಬರುತ್ತದೆ. ಹೊತ್ತು ಕಳೆದ ಹಾಗೆ ಮುಖ ಬಿಗಿಯುತ್ತದೆ, ನಗುವಂತಿಲ್ಲ, ಬಾಯಿ ಅಗಲಿಸುವಂತಿಲ್ಲ. ಕೇರಳದ ಕಥಕಳಿಯಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ಚುಟ್ಟಿ ಕಲಾವಿದ ಇರುತ್ತಾನೆ, ನಟ ನೆಲದ ಮೇಲೆ ಅಂಗಾತ ಮಲಗಿ ಮುಖ ಒಪ್ಪಿಸುತ್ತಾನೆ. ನಮ್ಮ ತೆಂಕಿನವನು ಎಡಗೈಯಲ್ಲಿ ಕನ್ನಡಿ ಹಿಡಿದು ಬಲಗೈಯಲ್ಲಿ ತನ್ನ ಮುಖಕ್ಕೆ ತಾನೇ ಮುಳ್ಳು ಏರಿಸುತ್ತಾನೆ. ಬಣ್ಣದ ಮಾಲಿಂಗ, ಚಂದ್ರಗಿರಿ ಅಂಬು ಅವರಂಥ ಬಣ್ಣದ ವೇಷಧಾರಿಗಳ ಹೆಸರನ್ನು ಹಳೆಯ ಪ್ರೇಕ್ಷಕರು ಇಂದಿಗೂ ತೆಗೆಯುವಾಗ ಅವರ ಕುಣಿತದಷ್ಟೇ ಅವರು ಬರೆದುಕೊಳ್ಳುತ್ತಿದ್ದ ಮುಖವೂ ಮಾತಿಗೆ ಬರುತ್ತದೆ.

ಬೆರಳಿನ ಟೋಪಿಯನ್ನು ಅಳೆಯಲು ನನಗೆ ಸಿಕ್ಕ ಅಳತೆಗೋಲು ಇದೇ. ಹರಡುವ ಕೆಲಸಕ್ಕೆ ಬರಿಬೆರಳು, ಗೆರೆ ಎಳೆಯುವ ಮತ್ತು ಮುಳ್ಳು ಎಬ್ಬಿಸುವ ಕೆಲಸಕ್ಕೆ ಕಡ್ಡಿ. ಚೌಕಿಯವರು ಬೆರಳಿಗೂ ಕಡ್ಡಿಗೂ ನಡುವೆ ಏನನ್ನೂ ಇಟ್ಟುಕೊಳ್ಳಲಿಲ್ಲ. ಈ ಹೊಸ ಸಲಕರಣೆ ಸರಿಯಾಗಿ ಆ ನಡುವೆಯೇ ಬಂದು ಕೂರುತ್ತದೆ. ಬೆರಳಿಗಿಂತ ದಪ್ಪ, ಕಡ್ಡಿಗಿಂತ ಮೊಂಡು.

ಹರಡುವ ಕೆಲಸದಲ್ಲಿ ಅದು ಸೋಲುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಬಿಸಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ. ಕಡಲತಡಿಯಲ್ಲಿ ಇದರ ಚಿಂತೆ ಕಡಿಮೆ. ಆದರೆ ಘಟ್ಟದ ಬುಡದ ಸುಬ್ರಹ್ಮಣ್ಯ, ಬಿಳಿನೆಲೆಯ ಕಡೆ ಡಿಸೆಂಬರ್, ಜನವರಿಯ ಚಳಿ ರಾತ್ರಿಗಳಲ್ಲಿ ಬಾಟಲಿಯ ಎಣ್ಣೆ ಬೆಳ್ಳಗೆ ಗಟ್ಟಿಯಾಗುವುದು ಎಲ್ಲರ ಮನೆಯ ಅನುಭವ. ಅಂಥ ರಾತ್ರಿಯ ಚೌಕಿಯಲ್ಲಿ ಬಣ್ಣವನ್ನು ಕರಗಿಸುವುದು ಅಂಗೈ ಮತ್ತು ಬೆರಳ ಕಾವು. ಸಿಲಿಕಾನು ಆ ಕಾವನ್ನು ಒಳಗೇ ತಡೆದು ಬಿಡುತ್ತದೆ. ಅದರ ಮೇಲೆ ಎಣ್ಣೆಬಣ್ಣ ಜಾರುತ್ತದೆ, ಚರ್ಮದ ಮೇಲೆ ಪಟ್ಟೆಪಟ್ಟೆಯಾಗಿ ಕೂರುತ್ತದೆ. ಸ್ಪಂಜಿನದು ಇನ್ನೊಂದು ತರಹ, ಎಣ್ಣೆಯನ್ನು ತಾನೇ ಕುಡಿದು ಬಣ್ಣದ ಪುಡಿಯನ್ನು ಮಾತ್ರ ಮುಖಕ್ಕೆ ಬಿಡುತ್ತದೆ. ಬಣ್ಣ ಪೋಲಾಗದು ಎಂಬ ಮಾತು ಸಿಲಿಕಾನಿನ ಮಟ್ಟಿಗೆ ನಿಜ, ಸ್ಪಂಜಿನ ಮಟ್ಟಿಗೆ ಸುಳ್ಳು. ಪಾರ್ಲರಿನ ಫೌಂಡೇಶನ್ನಿಗೂ ಇದು ಅನ್ವಯಿಸುತ್ತದೆ.

ಎರಡನೆಯದು ಸ್ಪರ್ಶ. ಎರಡು ಮೂರು ಮಿಲಿಮೀಟರ್ ಅಂತರದಲ್ಲಿ ಚುಚ್ಚಿದ ಎರಡು ಮೊನೆಗಳನ್ನು ಬೇರೆಬೇರೆ ಎಂದು ಗುರುತಿಸುವಷ್ಟು ಸೂಕ್ಷ್ಮ ನಮ್ಮ ಬೆರಳ ತುದಿ. ದೇಹದಲ್ಲಿ ಅಷ್ಟು ಚುರುಕಾದ ಜಾಗಗಳು ಕಡಿಮೆ. ಮುಖಕ್ಕೆ ಬಣ್ಣ ಹಚ್ಚುವಾಗ ಬೆರಳು ಬಣ್ಣವನ್ನು ಕೊಡುವುದರ ಜೊತೆಗೆ ಸುದ್ದಿಯನ್ನೂ ತರುತ್ತಿರುತ್ತದೆ. ಇಲ್ಲಿ ಬೆವರಿದೆ, ಇಲ್ಲಿ ನಿನ್ನೆಯ ಸುಣ್ಣ ಸುಟ್ಟ ಕಲೆ ಇನ್ನೂ ಹಸಿಯಾಗಿದೆ, ಇಲ್ಲಿ ಕ್ಷೌರದ ಗಾಯ ಇದೆ, ಇಲ್ಲಿ ಮೊದಲ ಪದರ ಒಣಗಿಲ್ಲ. ತಿರುಗಾಟದ ಕಲಾವಿದ ಆರು ತಿಂಗಳು ಹೆಚ್ಚುಕಡಿಮೆ ಪ್ರತಿ ರಾತ್ರಿ ಬಣ್ಣ ಹಾಕಿ ಪ್ರತಿ ಬೆಳಿಗ್ಗೆ ತೆಗೆಯುವವನು. ಅವನ ಚರ್ಮದ ಆರೋಗ್ಯದ ಮೊದಲ ತಪಾಸಣೆ ಅವನ ಬೆರಳಿನಿಂದಲೇ ನಡೆಯುತ್ತದೆ. ಟೋಪಿ ತೊಟ್ಟ ಬೆರಳಿಗೆ ಈ ಸುದ್ದಿ ಯಾವುದೂ ತಲುಪುವುದಿಲ್ಲ, ತಲುಪಿದರೂ ಮಂದವಾಗಿ. ಇದನ್ನು ನಾನು ಈ ಸಲಕರಣೆಯ ದೊಡ್ಡ ದೋಷವೆಂದು ಎಣಿಸುತ್ತೇನೆ.

ಹಾಗೆಂದು ಬರಿಬೆರಳಿನ ಪದ್ಧತಿಯನ್ನು ಕಣ್ಣು ಮುಚ್ಚಿ ಹೊಗಳುವುದಕ್ಕೂ ಮನಸ್ಸು ಒಪ್ಪುವುದಿಲ್ಲ. ಹಿಂದೆ ಕೆಂಪಿಗೆ ಬಳಸುತ್ತಿದ್ದ ಇಂಗಳೀಕ ಪಾದರಸದ ಸಂಯುಕ್ತ. ಹಳದಿಗೆ ಬಳಸುತ್ತಿದ್ದ ಅರದಾಳ ಆರ್ಸೆನಿಕ್ಕಿನದು. ಯಕ್ಷಗಾನದಲ್ಲಿ ಮಾತ್ರ ಅಲ್ಲ, ಭೂತಾರಾಧನೆಯ ಕೋಲ, ನೇಮಗಳಲ್ಲಿಯೂ ಅರದಾಳವೇ ಮುಖದ ಬಣ್ಣ. ವೇಷ ಕಟ್ಟುವ ಮುಂಚೆ ಅದನ್ನು ಅರೆಯುವ ಕೈ, ಕಲಸುವ ಕೈ, ಹಚ್ಚುವ ಕೈ ಎಲ್ಲ ಬರಿಗೈಗಳು. ಅದೇ ಬೆರಳಲ್ಲಿ ಬೀಡ, ಅದೇ ಬೆರಳಲ್ಲಿ ಅವಲಕ್ಕಿ. ಈ ಎರಡೂ ಖನಿಜಗಳು ನೀರಿನಲ್ಲಿ ಸುಲಭವಾಗಿ ಕರಗುವಂಥವಲ್ಲ, ಅದೊಂದು ಸಮಾಧಾನ. ಆದರೂ ವರ್ಷಗಟ್ಟಲೆ ಉಗುರಿನ ಸಂದಿಯಲ್ಲಿ ಅವುಗಳನ್ನು ಇಟ್ಟುಕೊಂಡು ಬದುಕಿದವರ ಬಗ್ಗೆ ನಮ್ಮ ಕಲಾಚರಿತ್ರೆ ಮೌನವಾಗಿದೆ, ಆ ಮೌನ ನನಗೆ ನೋವು ತರುತ್ತದೆ. ಅರೆಯುವ, ಕಲಸುವ ಹೊತ್ತಿಗಾದರೂ ಬೆರಳಿಗೊಂದು ರಕ್ಷೆ ಇದ್ದಿದ್ದರೆ ಒಳ್ಳೆಯದಿತ್ತು. ಈಗ ಹೆಚ್ಚಿನವರು ಅಂಗಡಿಯಲ್ಲಿ ಸಿಗುವ ತಯಾರಿ ಬಣ್ಣಗಳಿಗೆ ಬಂದಿದ್ದಾರೆ. ಅವುಗಳ ಡಬ್ಬಿಯ ಮೇಲೆ ಒಳಗೇನಿದೆ ಎಂದು ಬರೆದಿರಬೇಕು, ಬರೆಯದ ಡಬ್ಬಿಯನ್ನು ಚೌಕಿಗೆ ತರಬಾರದು.

ಈ ಮಾತು ಮನೆಯ ಕನ್ನಡಿಗೂ ಸಲ್ಲುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬಿಳಿಯಾಗಿಸುತ್ತವೆ ಎಂದು ಮಾರಿದ ಕ್ರೀಮುಗಳನ್ನು ಹಚ್ಚಿಕೊಂಡವರಲ್ಲಿ ಕಿಡ್ನಿಯ ಕಾಯಿಲೆ ಕಾಣಿಸಿಕೊಂಡಿತು. ಕ್ರೀಮುಗಳಲ್ಲಿ ಪಾದರಸ ಸಿಕ್ಕಿತು. ಕೆನ್ನೆಗೆ ಹಚ್ಚಿದ್ದು ಚರ್ಮದ ಮೂಲಕವೇ ಒಳಗೆ ಹೋಗುವಾಗ ಬೆರಳಿಗೆ ಟೋಪಿ ಹಾಕಿ ಪ್ರಯೋಜನವಿಲ್ಲ. ಶುಚಿಯಾದ ಸಲಕರಣೆಯಲ್ಲಿ ಹಚ್ಚಿದ್ದರಿಂದ ಹಚ್ಚಿದ ವಸ್ತುವೂ ಶುಚಿ ಎಂಬ ಭಾವನೆ ಮೂಡುತ್ತದೆ, ಜಾಹೀರಾತುಗಳು ಆ ಭಾವನೆಯನ್ನು ಬೆಳೆಸುತ್ತವೆ.

ಚರ್ಮದ ಮುಲಾಮಿನ ವಿಷಯದಲ್ಲಿ ಬೆರಳಿಗೆ ಇನ್ನೊಂದು ಉದ್ಯೋಗವೂ ಇದೆ, ಅಳತೆ. 1991ರಲ್ಲಿ ಲಾಂಗ್ ಮತ್ತು ಫಿನ್ಲೇ ಎಂಬ ವೈದ್ಯರು ಇದನ್ನು ವಿವರಿಸಿದರು. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ, ಅದು ಬೆರಳುಗಳೂ ಸೇರಿ ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಮುಖ ಮತ್ತು ಕುತ್ತಿಗೆಗೆ ಎರಡೂವರೆ ಬೆರಳ ತುದಿಯಷ್ಟು. ಚರ್ಮವೈದ್ಯರು ಇಂದಿಗೂ ಈ ಲೆಕ್ಕದಲ್ಲಿ ಮುಲಾಮು ಬರೆದುಕೊಡುತ್ತಾರೆ. ಬೆರಳ ಟೋಪಿಯ ಮೇಲೆ ಇದೇ ಗೆರೆಯನ್ನು ಗುರುತು ಮಾಡಿ ಕೊಟ್ಟಿದ್ದರೆ ಅದೊಂದು ನಿಜವಾದ ಉಪಕಾರವಾಗುತ್ತಿತ್ತು. ಕಜ್ಜಿ, ಹುಳುಕಡ್ಡಿಗೆ ಔಷಧ ಹಚ್ಚುವಾಗ ಬರಿಬೆರಳಿಗಿಂತ ತೊಳೆಯಬಹುದಾದ ಸಿಲಿಕಾನಿನ ಮುಚ್ಚಳ ಖಂಡಿತ ಮೇಲು, ಒಬ್ಬರ ಮೈಯ ಸೋಂಕು ಹಚ್ಚಿದವರ ಕೈಗೆ ದಾಟುವ ಭಯ ಕಡಿಮೆ. ಸಂಧಿವಾತದಿಂದ ಬೆರಳು ಮಡಚಲಾಗದವರಿಗೆ, ಪಾರ್ಶ್ವವಾಯುವಿನಿಂದ ಹಿಡಿತ ಕಳೆದುಕೊಂಡವರಿಗೆ ಬ್ರಶ್ಶು ಹಿಡಿಯುವುದಕ್ಕಿಂತ ತೊಟ್ಟುಕೊಳ್ಳುವುದು ಸುಲಭ. ಅವರು ತಮ್ಮ ಮುಖವನ್ನು ಇನ್ನೊಬ್ಬರ ಹಂಗಿಲ್ಲದೆ ತಾವೇ ಸಿಂಗರಿಸಿಕೊಳ್ಳುವಂತಾದರೆ ಈ ಸಲಕರಣೆ ಹುಟ್ಟಿದ್ದು ಸಾರ್ಥಕ.

ತಯಾರಕರು ನಮ್ಮ ಊರಿನ ಕೈಗಳನ್ನು ನೋಡಿಲ್ಲ ಎಂಬುದೂ ಸ್ಪಷ್ಟ. ರಬ್ಬರ್ ಟ್ಯಾಪಿಂಗ್ ಮಾಡಿ, ಅಡಿಕೆ ಸುಲಿದು ಗಟ್ಟಿಯಾದ ಬೆರಳಿಗೆ ಒಂದೇ ಅಳತೆಯ ಟೋಪಿ ಏರುವುದಿಲ್ಲ, ಏರಿದರೆ ರಕ್ತ ಕಟ್ಟುವಷ್ಟು ಬಿಗಿ. ಇನ್ನು ಮಳೆಗಾಲ. ಜೂನ್‌ನಿಂದ ಆಗಸ್ಟ್‌ವರೆಗೆ ಬಟ್ಟೆಯೇ ಒಣಗದ ಊರಿನಲ್ಲಿ ಸ್ಪಂಜು ಒಣಗುವುದುಂಟೆ? ತೊಳೆದಿಟ್ಟ ಸ್ಪಂಜಿನ ಒಳಗೆ ಬೂಷ್ಟು ಬರುತ್ತದೆ, ಹೊರಗೆ ಕಾಣುವುದಿಲ್ಲ. ಕಡಬ, ಸುಳ್ಯದ ಕಡೆಯವರು ಕೊಳ್ಳುವುದಾದರೆ ಸಿಲಿಕಾನನ್ನೇ ಕೊಳ್ಳಲಿ, ಸ್ಪಂಜನ್ನು ಬೇಸಿಗೆಯ ಮದುವೆ ಸೀಸನ್ನಿಗೆ ಮಾತ್ರ ಇಟ್ಟುಕೊಳ್ಳಲಿ. ರಿಬ್ಬನ್ನಿನ ಪಫ್ ಒಣ ಪೌಡರ್ ಒತ್ತಲು ಚೆನ್ನ. ಬೆವರುವ ಮುಖಕ್ಕೆ ಉಜ್ಜದೆ ಒತ್ತಬೇಕು, ಆ ಕೆಲಸದಲ್ಲಿ ಅದು ಬೆರಳಿಗಿಂತ ಮುಂದೆ.

ಆದರೆ ಬೆರಳ ಟೋಪಿ ತೀರಾ ಬೇಕಾಗಿರುವ ಒಂದು ಜಾಗವನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ, ಶಾಲಾ ವಾರ್ಷಿಕೋತ್ಸವದ ಚೌಕಿ. ಈ ಮೂರೂ ತಾಲೂಕುಗಳಲ್ಲಿ ಮಕ್ಕಳಿಗೆ ಯಕ್ಷಗಾನ ಕಲಿಸುವ ತರಗತಿಗಳು ಹೆಚ್ಚಿರುವುದು ಸಂತೋಷದ ಸಂಗತಿ. ಆಟದ ದಿನ ವೇಷಭೂಷಣದವರು ಬರುತ್ತಾರೆ, ಮಕ್ಕಳು ಸಾಲಾಗಿ ಕೂರುತ್ತಾರೆ, ಒಬ್ಬರೋ ಇಬ್ಬರೋ ಸರಸರನೆ ಎಲ್ಲರಿಗೂ ಬಣ್ಣ ಹಾಕುತ್ತಾರೆ. ಒಂದೇ ಬಟ್ಟಲ ನೀರು, ಒಂದೇ ಸ್ಪಂಜು, ಒಂದೇ ಕಾಡಿಗೆ ಕಡ್ಡಿ. ದೇವೇಂದ್ರನ ಕಣ್ಣಿಗೆ ಹಚ್ಚಿದ ಕಡ್ಡಿ ತೊಳೆಯದೆ ಅಗ್ನಿಯ ಕಣ್ಣಿಗೆ ಹೋಗುತ್ತದೆ. ಕೆಂಗಣ್ಣು ಹರಡುವ ಸಮಯದಲ್ಲಿ ಇದು ಏನು ಮಾಡಬಹುದೆಂದು ತಾಯಂದಿರಿಗೆ ಗೊತ್ತು, ವೇದಿಕೆಯ ಗಡಿಬಿಡಿಯಲ್ಲಿ ಹೇಳಲು ಸಂಕೋಚ. ಇಲ್ಲಿ ಮಗುವಿಗೊಂದರಂತೆ ಬೆರಳ ಟೋಪಿ, ಮಗುವಿಗೊಂದರಂತೆ ಹಿಡಿಸೂಡಿಯಿಂದ ಮುರಿದ ಹೊಸ ಕಡ್ಡಿ ಇರಲೇಬೇಕು. ಕಡ್ಡಿಗೆ ಖರ್ಚೇ ಇಲ್ಲ.

ಮಕ್ಕಳ ಚೌಕಿಯಲ್ಲಿ ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಹಳೆಯ ಮೇಳದಲ್ಲಿ ಸೇರಿದ ಹುಡುಗ ಕೋಡಂಗಿ, ಬಾಲಗೋಪಾಲರ ವೇಷದಿಂದ ಆರಂಭಿಸಿ ತನ್ನ ಮುಖ ತಾನೇ ಬರೆದುಕೊಳ್ಳಲು ಕಲಿಯುತ್ತಿದ್ದ. 2021ರಲ್ಲಿ ತೀರಿಕೊಂಡ ಪುತ್ತೂರು ಶ್ರೀಧರ ಭಂಡಾರಿಯವರಂಥವರ ಪುಂಡುವೇಷಗಳ, ಅಂದರೆ ತರುಣ ವೀರರ ಪಾತ್ರಗಳ ಮುಖ ನೋಡಿದರೆ ಸರಳ. ತೆಳುವಾದ ಬಣ್ಣ, ನಾಮ, ಕಣ್ಣು, ಹುಬ್ಬು, ಕೆನ್ನೆಯ ಮುದ್ರೆ. ಆದರೆ ಆ ಹುಬ್ಬಿನ ಬಾಗು ಅವರವರ ಮುಖಕ್ಕೆ ತಕ್ಕದ್ದು, ಬೇರೆಯವರ ಕೈ ಅದನ್ನು ಕೊಡಲಾರದು. ಇಂದಿನ ಮಗು ಕುಣಿತ ಕಲಿಯುತ್ತದೆ, ಮಾತು ಕಲಿಯುತ್ತದೆ, ಮುಖವನ್ನು ಮಾತ್ರ ಇನ್ನೊಬ್ಬರಿಗೆ ಒಡ್ಡಿ ಕಣ್ಣು ಮುಚ್ಚಿ ಕೂರುತ್ತದೆ. ತರಗತಿ ನಡೆಸುವ ಗುರುಗಳು ವರ್ಷಕ್ಕೆ ಕೆಲವು ದಿನವನ್ನಾದರೂ ಬಣ್ಣಗಾರಿಕೆಗೆ ಮೀಸಲಿಡಲಿ. ಆ ದಿನ ಟೋಪಿ, ಪಫ್ ಯಾವುದೂ ಬೇಡ. ಕೈ ತೊಳೆದು, ಉಗುರು ಕತ್ತರಿಸಿ, ಅಂಗೈಯಲ್ಲಿ ಚೂರು ಎಣ್ಣೆ ಹಾಕಿಕೊಂಡು ಮೊದಲ ಪದರವನ್ನು ಮಕ್ಕಳು ತಾವೇ ಹಚ್ಚಿಕೊಳ್ಳಲಿ. ಹುಬ್ಬಿನ ಗೆರೆಗೆ ಕಡ್ಡಿ ಕೊಟ್ಟು, ಸೊಟ್ಟಗಾದರೆ ಒರೆಸಿ ಮತ್ತೆ ಎಳೆಯಲು ಬಿಡಲಿ.