ಕೆಳಗೆ ಅಂಗಡಿ, ಮೇಲೆ ಮನೆ

ನಗರನಿರ್ಮಾಣದ ಪುಸ್ತಕಕ್ಕೆ ಸಾಹಿತ್ಯದ ಪುಟದಲ್ಲೇನು ಕೆಲಸ ಎಂದು ಯಾರಾದರೂ ಕೇಳಿಯಾರು. ಜೇನ್ ಜೇಕಬ್ಸ್ ಅವರ ‘ದಿ ಡೆತ್ ಅಂಡ್ ಲೈಫ್ ಆಫ್ ಗ್ರೇಟ್ ಅಮೆರಿಕನ್ ಸಿಟೀಸ್’ (1961) ಎಂಬ ಗ್ರಂಥವನ್ನು ಓದಿದವರಂತೂ ಕೇಳಲಾರರು. ಅದರಲ್ಲಿ ಒಂದು ಚಿತ್ರವೂ ಇಲ್ಲ. ಚಿತ್ರ ಬೇಕೆನ್ನುವವರು ತಮ್ಮ ಸುತ್ತಲಿನ ಊರನ್ನೇ ನೋಡಿಕೊಳ್ಳಲಿ ಎಂದು ಲೇಖಕಿ ಮೊದಲಿಗೇ ಸೂಚಿಸಿಬಿಡುತ್ತಾರೆ. ಆ ಧೈರ್ಯ ನನಗೆ ಹಿಡಿಸಿತು.

ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ, 555ನೆಯ ಹಡ್ಸನ್ ಸ್ಟ್ರೀಟ್ ಅವರ ಮನೆ. ಹಿಂದೆ ಅದರ ಕೆಳಭಾಗ ಮಿಠಾಯಿ ಅಂಗಡಿಯಾಗಿತ್ತು. ಒಂದು ದಿನ ಮೇಲಿನ ಕಿಟಕಿಯಿಂದ ಅವರು ನೋಡುತ್ತಿದ್ದಾರೆ: ಯಾರೋ ಗಂಡಸು ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳನ್ನು ಕರೆಯುತ್ತಿದ್ದಾನೆ, ಅವಳು ಗೋಡೆಗಾತು ಜಪ್ಪಯ್ಯ ಎಂದರೂ ಕದಲುತ್ತಿಲ್ಲ. ಅಷ್ಟರಲ್ಲಿ ಮಾಂಸದಂಗಡಿಯವನ ಹೆಂಡತಿ ಹೊರಬಂದಳು, ತಿನಿಸಿನಂಗಡಿಯವನು ಬಂದ, ಬೀಗದವನು, ಹಣ್ಣಿನವನು, ಲಾಂಡ್ರಿಯವನು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ನಿಂತರು. ಆ ಮನುಷ್ಯ ಹುಡುಗಿಯ ತಂದೆಯೇ ಎಂದು ಆಮೇಲೆ ತಿಳಿಯಿತು. ಪ್ರಸಂಗ ಇಷ್ಟೆ. ಒಳ್ಳೆಯ ಸಣ್ಣಕತೆಗಾರನಿಗೂ ಹೊಟ್ಟೆಕಿಚ್ಚು ತರುವಂಥದು. ಬೀದಿಯನ್ನು ಕಾಯುವವರು ಪೊಲೀಸರಿಗಿಂತ ಮೊದಲು ಅಂಗಡಿಯವರು ಎಂಬ ಅವರ ಸಿದ್ಧಾಂತ ಇಂಥ ಪ್ರಸಂಗಗಳಿಂದಲೇ ಬೆಳೆಯುತ್ತದೆ.

ಬಳೆಪೇಟೆ, ಅರಳೆಪೇಟೆಗಳಲ್ಲಿ ಓಡಾಡಿದ ಬೆಂಗಳೂರಿಗರಿಗೆ ಅಂಗಡಿಯ ಮೇಲಿನ ಮನೆ ಹೊಸ ನೋಟವಲ್ಲ. ಅದು ಏತಕ್ಕೆ ಒಳ್ಳೆಯದೆಂಬ ವಿಚಾರ ಮಾತ್ರ ಹೊಸದು. ಮನೆಗೂ ಅಂಗಡಿಗೂ ಒಂದೇ ಸೂರು ಹೊದಿಸಿದರೆ ಸಾಲದು, ದಿನದ ಬೇರೆಬೇರೆ ಹೊತ್ತಿನಲ್ಲಿ ಬೇರೆಬೇರೆ ಜನ ಬೀದಿಯಲ್ಲಿರಬೇಕು ಎನ್ನುತ್ತಾರೆ ಶ್ರೀಮತಿ ಜೇಕಬ್ಸ್. ಮಧ್ಯಾಹ್ನದ ಎರಡು ಮೂರು ಗಂಟೆ ಮಾತ್ರ ಗಿರಾಕಿ ಕಾಣುವ ಕೆಳ ಮ್ಯಾನ್‌ಹಟನ್ನಿನ ಅಂಗಡಿಗಳ ಪಾಡನ್ನು ಅವರು ವಿವರಿಸುವ ಬಗೆ ಅರ್ಥಶಾಸ್ತ್ರದ ಪಾಠಕ್ಕಿಂತ ಸೊಗಸಾಗಿದೆ. ಓದುತ್ತಿದ್ದಾಗ ನನಗೆ ನೆನಪಾದದ್ದು ಮಾರ್ಸೇಲ್ಸಿನಲ್ಲಿ ಲ ಕಾರ್ಬೂಸಿಯೇ 1952ರಲ್ಲಿ ಮುಗಿಸಿದ ಮಹಾಭವನ. 337 ಮನೆಗಳು, ಅಂಗಡಿಬೀದಿ ಕಟ್ಟಡದ ನಡುವಿನ ಅಂತಸ್ತಿನಲ್ಲಿ! ದಾರಿಹೋಕನ ಕಣ್ಣಿಗೆ ಬೀಳದ ಅಂಗಡಿಗೆ ಮನೆಯವರ ಕೊಳ್ಳುವಿಕೆಯೊಂದೇ ಆಧಾರ. ನಿತ್ಯದ ಅಂಗಡಿಗಳು ಅಲ್ಲಿ ಬಹುಪಾಲು ಉಳಿಯಲಿಲ್ಲ.

ಗ್ರಂಥದ ಅತ್ಯುತ್ತಮ ಭಾಗ ಹಳೆಯ ಕಟ್ಟಡಗಳನ್ನು ಕುರಿತ ಅಧ್ಯಾಯ. ಹೊಸದಾಗಿ ಕಟ್ಟಿದ ಮಳಿಗೆಯ ಬಾಡಿಗೆಯನ್ನು ತೆರಬಲ್ಲವರು ಬ್ಯಾಂಕಿನವರು, ಊರೂರಲ್ಲಿ ಶಾಖೆಯುಳ್ಳ ದೊಡ್ಡ ವ್ಯಾಪಾರಿಗಳು. ಸಣ್ಣವನಿಗೆ ಹಳೆಯ ಗೋಡೆಯೇ ಗತಿ. ಕೆಳಗೆ ಮಳಿಗೆ, ಮೇಲೆ ವಸತಿ ಎಂದು ಇಂದು ಕಟ್ಟುತ್ತಿರುವ ಸಮುಚ್ಚಯಗಳ ಮುಂದೆ ನಿಂತಾಗ ಈ ಮಾತಿನ ತೂಕ ತಿಳಿಯುತ್ತದೆ. ಅಲ್ಲಿ ಕಾಫಿ ಸಿಕ್ಕೀತು, ಚಪ್ಪಲಿ ಹೊಲಿಯುವವನು ಸಿಕ್ಕುವುದಿಲ್ಲ.

ನನ್ನ ಆಕ್ಷೇಪಣೆಯೂ ಇಲ್ಲಿಯೇ ಹುಟ್ಟುತ್ತದೆ. ಚೆನ್ನಾದ ಬೀದಿ ತನ್ನ ಚೆಲುವಿನಿಂದಲೇ ಬಾಡಿಗೆ ಏರಿಸಿಕೊಂಡು ತನ್ನವರನ್ನೇ ಹೊರಹಾಕುತ್ತದೆ ಎಂಬುದನ್ನು ಲೇಖಕಿ ಕಾಣದೆ ಇಲ್ಲ. ಅದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಆದರೆ ಪರಿಹಾರವೆಂದು ಸೂಚಿಸುವ ವಲಯ ನಿಯಮ ಮೊದಲಾದವು ರೋಗದ ಮುಂದೆ ತೀರ ತೆಳು. ಲೂಯಿಸ್ ಮಂಫರ್ಡ್ 1962ರಲ್ಲಿ ‘ನ್ಯೂಯಾರ್ಕರ್’ನಲ್ಲಿ ಬರೆದ ವಿಮರ್ಶೆಯ ಶೀರ್ಷಿಕೆಯಲ್ಲಿಯೇ ಇದನ್ನು ‘ಮನೆಮದ್ದು’ ಎಂದು ಹಂಗಿಸಿದರು. ನಮ್ಮಲ್ಲಿ ಅದೇನೂ ಬೈಗುಳವಲ್ಲ. ಆದರೂ ಬಾಡಿಗೆಯೆಂಬ ಜ್ವರಕ್ಕೆ ಶುಂಠಿಕಷಾಯ ಸಾಲದೆಂದು ನಾನೂ ಒಪ್ಪುತ್ತೇನೆ. 1947ರಲ್ಲೇ ಮನೆ ಕೊಂಡುಕೊಂಡಿದ್ದ ಲೇಖಕಿ ಬಾಡಿಗೆದಾರನ ಆತಂಕವನ್ನು ಸ್ವಲ್ಪ ದೂರದಿಂದ ನೋಡಿದರೇನೋ. ಪಕ್ಕದವರ ಬೀಗದ ಕೈಗಳನ್ನು ಕಾದಿಡುವ ತಿನಿಸಿನಂಗಡಿಯವನನ್ನು ಅವರು ಅಕ್ಕರೆಯಿಂದ ಚಿತ್ರಿಸುತ್ತಾರೆ. ಅವನ ಕರಾರು ಎಂದಿಗೆ ಮುಗಿಯುತ್ತದೆಂದು ಹೇಳುವುದಿಲ್ಲ.

ಅವರ ಬಡಾವಣೆಯನ್ನು ಕೊಳಚೆಪ್ರದೇಶವೆಂದು ಕೆಡವುವ ಯೋಜನೆ 1961ರಲ್ಲಿ ಹುಟ್ಟಿ, ನೆರೆಹೊರೆಯವರ ಹೋರಾಟದಿಂದ ಮರುವರ್ಷವೇ ಬಿದ್ದುಹೋಯಿತು. ಬೇಡವೆಂದವರೇ 1963ರಲ್ಲಿ ತಮ್ಮ ಯೋಜನೆಯನ್ನು ಮುಂದಿಟ್ಟರು: ಯಾರನ್ನೂ ಒಕ್ಕಲೆಬ್ಬಿಸದೆ, ಲಿಫ್ಟಿಲ್ಲದ ಐದಂತಸ್ತಿನ ಕಟ್ಟಡಗಳಲ್ಲಿ ಮನೆಗಳು. ತಡವಾದಂತೆಲ್ಲ ಖರ್ಚು ಏರಿತು, ಖರ್ಚು ಏರಿದಂತೆಲ್ಲ ನಕ್ಷೆ ಬಡವಾಯಿತು. 1970ರ ದಶಕದ ನಡುವಿನಲ್ಲಿ ಎದ್ದು ನಿಂತದ್ದು ಸಪ್ಪೆ ಇಟ್ಟಿಗೆಯ ಸಾಲು. ಪುಸ್ತಕದ ಹಡ್ಸನ್ ಸ್ಟ್ರೀಟಿನ ಗೆಲವು ಅದರಲ್ಲಿ ಕಾಣದು. ಅದನ್ನು ಕುರಿತು ಲೇಖಕಿ ಇನ್ನೊಂದು ಅಧ್ಯಾಯ ಬರೆದಿದ್ದರೆ ನಾನು ಮೊದಲು ಓದುತ್ತಿದ್ದುದು ಅದನ್ನೇ. ಅವರಾದರೋ 1968ರಲ್ಲೇ ಸಂಸಾರದೊಡನೆ ಟೊರಾಂಟೊಗೆ ಹೊರಟುಹೋಗಿದ್ದರು.