ರೇಖೆಯ ಲೀಲೆ: ಹೆಬ್ಬಾರ್ ಮತ್ತು ಲಕ್ಷ್ಮಣ್

ಚಿತ್ರಕಲೆಯ ಮಾತು ಬಂದಾಗ ನಮ್ಮ ರಸಿಕರು ವರ್ಣಚಿತ್ರಕ್ಕೆ ಮೊದಲ ಮಣೆ ಹಾಕುತ್ತಾರೆ. ರೇಖಾಚಿತ್ರವನ್ನು ಅದರ ಪೂರ್ವಸಿದ್ಧತೆಯೆಂದೂ ವ್ಯಂಗ್ಯಚಿತ್ರವನ್ನು ದಿನಪತ್ರಿಕೆಯ ವಿನೋದವೆಂದೂ ಬದಿಗೆ ಸರಿಸುವುದು ರೂಢಿಯಾಗಿದೆ. ಈ ತಾರತಮ್ಯ ಎಷ್ಟರಮಟ್ಟಿಗೆ ಸರಿ? ಕನ್ನಡನಾಡಿನಿಂದ ಬಂದು ಮುಂಬಯಿಯನ್ನು ಕರ್ಮಭೂಮಿಯಾಗಿಸಿಕೊಂಡ ಇಬ್ಬರು ಕಲಾವಿದರ ಕೃತಿಗಳು ಇದಕ್ಕೆ ಉತ್ತರ ನೀಡಬಲ್ಲವು.

ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕೆಲಕಾಲ ಅಧ್ಯಾಪಕರಾಗಿದ್ದು, ಬಳಿಕ ಪ್ಯಾರಿಸ್ಸಿನಲ್ಲಿಯೂ ಅಭ್ಯಾಸ ಮಾಡಿದರು. ಆದರೆ ಅವರ ರೇಖೆಗೆ ಇವೆಲ್ಲಕ್ಕಿಂತ ಹೆಚ್ಚು ಉಪಕರಿಸಿದ್ದು ಅವರು ಅಭ್ಯಸಿಸಿದ ಕಥಕ್ ನೃತ್ಯ. 1964ರಲ್ಲಿ ಹೊರಬಂದ ಅವರ ರೇಖಾಚಿತ್ರ ಸಂಪುಟಕ್ಕೆ ‘ಹಾಡುವ ರೇಖೆ’ ಎಂಬರ್ಥದ ಇಂಗ್ಲಿಷ್ ಹೆಸರಿರುವುದು ಅನ್ವರ್ಥಕವೇ ಆಗಿದೆ. ಅವರ ನರ್ತಕಿಗೆ ಆಭರಣವಿಲ್ಲ, ರಂಗವಿಲ್ಲ, ಎಷ್ಟೋ ವೇಳೆ ಮುಖಭಾವವೂ ಇಲ್ಲ; ಇರುವುದು ಚಲನೆ ಮಾತ್ರ. ಬಿಟ್ಟದ್ದನ್ನು ನೋಡುವವನ ಕಲ್ಪನೆ ತುಂಬಿಕೊಳ್ಳುತ್ತದೆ. ಕಲಾವಿದ ತಾನು ಆಡುವುದಲ್ಲದೆ ಪ್ರೇಕ್ಷಕನನ್ನೂ ಆಟಕ್ಕೆ ಕರೆಯುವ ಬಗೆ ಇದು.

ಆರ್. ಕೆ. ಲಕ್ಷ್ಮಣರ ಮಾರ್ಗ ಇದಕ್ಕೆ ವಿರುದ್ಧವಾದುದು. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿ, ‘ಕೊರವಂಜಿ’ಯ ಪುಟಗಳಲ್ಲಿ ಕೈ ಪಳಗಿಸಿಕೊಂಡ ಅವರು ಮುಂಬಯಿಯ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ 1951ರಿಂದ ಚಿತ್ರಿಸಿದ ‘ಶ್ರೀಸಾಮಾನ್ಯ’ ಮನೆಮಾತಾದನು. ಹೆಬ್ಬಾರರು ಬಿಡುವುದನ್ನೆಲ್ಲ ಲಕ್ಷ್ಮಣರು ತುಂಬುತ್ತಾರೆ: ಕಡತಗಳ ರಾಶಿ, ರಸ್ತೆಯ ಗುಂಡಿ, ಮಂತ್ರಿಯ ಹೊಟ್ಟೆ, ಮೂಲೆಯಲ್ಲೊಂದು ಕಾಗೆ. ಈ ಗದ್ದಲದ ನಡುವೆ ಚೌಕಳಿ ಕೋಟಿನ ಮುದುಕನೊಬ್ಬ ಬಾಯಿ ತೆರೆಯದೆ ನಿಂತಿರುತ್ತಾನೆ. ಎಲ್ಲರೂ ಮಾತಾಡುವಲ್ಲಿ ಅವನೊಬ್ಬನ ಮೌನವೇ ಟೀಕೆಯಾಗುತ್ತದೆ.

ಇಬ್ಬರಲ್ಲಿಯೂ ಮಿತಿಗಳಿಲ್ಲದಿಲ್ಲ. ಹೆಬ್ಬಾರರ ರೇಖೆ ಲಾಲಿತ್ಯಕ್ಕೆ ಎಷ್ಟು ಒಗ್ಗಿದೆಯೆಂದರೆ, ದುಡಿಮೆಯ ದಣಿವನ್ನು ಚಿತ್ರಿಸುವಾಗಲೂ ಅದು ಒಮ್ಮೊಮ್ಮೆ ನರ್ತಿಸಿಬಿಡುತ್ತದೆ. ನೋವು ಸೊಗಸಿನಲ್ಲಿ ಕರಗಿಹೋಗುತ್ತದೆ. ಲಕ್ಷ್ಮಣರ ಚಿತ್ರಗಳನ್ನು ಅಳೆಯಲು ಸುಲಭವಾದ ಪರೀಕ್ಷೆಯೊಂದುಂಟು: ಅಡಿಬರಹವನ್ನು ಕೈಯಿಂದ ಮುಚ್ಚಿ ನೋಡಬೇಕು. ಆಗ ಕೆಲವು ಚಿತ್ರಗಳು ಸೊರಗುತ್ತವೆ. ಸಂದರ್ಭ ಮರೆತಂತೆ ಅವುಗಳ ನಗೆಯೂ ಮಾಸುತ್ತದೆ. ಆದರೆ ಅವರು ಬಾಲ್ಯದಿಂದಲೂ ಮೋಹಗೊಂಡು ಬಿಡಿಸಿದ ಕಾಗೆಗಳಿಗೆ ಯಾವ ಅಡಿಬರಹವೂ ಬೇಡ. ಕತ್ತಿನ ಒಂದು ಓರೆಯಲ್ಲಿಯೇ ಆ ಹಕ್ಕಿಯ ಕಳ್ಳತನ, ಕುತೂಹಲ, ಗತ್ತು ಎಲ್ಲವೂ ಇವೆ. ಆ ಕಾಗೆಗಳಲ್ಲಿ ಲಕ್ಷ್ಮಣರು ಹೆಬ್ಬಾರರಿಗೆ ಅತ್ಯಂತ ಸಮೀಪದವರು.

ಹೀಗೆ ನೋಡಿದರೆ ಲೀಲೆಯೆಂಬುದು ಗಾಂಭೀರ್ಯಕ್ಕೆ ಶತ್ರುವಲ್ಲ. ದೀರ್ಘ ಸಾಧನೆ ತನ್ನ ಶ್ರಮವನ್ನು ಮರೆತಾಗ ತಳೆಯುವ ರೂಪ ಅದು. ಬಣ್ಣ ತಪ್ಪಿದರೆ ಮೇಲೊಂದು ಬಣ್ಣ ಬಳಿಯಬಹುದು. ಶಾಯಿಯ ಗೆರೆಗೆ ಆ ಸೌಕರ್ಯವಿಲ್ಲ. ಹೆಬ್ಬಾರರು 1996ರಲ್ಲಿಯೂ ಲಕ್ಷ್ಮಣರು 2015ರಲ್ಲಿಯೂ ತೀರಿಕೊಂಡರು. ಇವರಲ್ಲಿ ಒಬ್ಬರನ್ನು ಕಲಾಶಾಲೆಯ ಗೋಡೆಗೂ ಇನ್ನೊಬ್ಬರನ್ನು ಪತ್ರಿಕೆಯ ಮೂಲೆಗೂ ಹಂಚಿಕೊಟ್ಟು ಸುಮ್ಮನಾಗುವ ವಿಮರ್ಶೆ ಇಬ್ಬರಿಗೂ ಅನ್ಯಾಯವೆಸಗುತ್ತದೆ. ಗೆರೆಯನ್ನು ಅದು ಅಚ್ಚಾದ ಸ್ಥಳದಿಂದಲ್ಲ, ಅದು ಕಾಣಿಸುವ ಸತ್ಯದಿಂದ ಅಳೆಯಬೇಕು.